ಬಳೆ ತೊಟ್ಟ ಬಂದೂಕು

ನನ್ನ ಮೊಮ್ಮಗಳಿಗೆ ಬಂದೂಕಿನ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಸವಣೂರಿನ ಆ ಅಂಗಡಿಯಲ್ಲಿ ಅವಳ ಅಜ್ಜ ನಲವತ್ತು ವರ್ಷ ಕಟ್ಟಿಗೆ ಕೆಲಸ ಮಾಡಿದರು. ಇನ್ನು ಮೇಲೆ ಆ ಕೆಲಸ ಇವಳದು. ಓಣಿಯವರಿಗೆಲ್ಲ ಹೇಳಿಯಾಯಿತು. ಹಾಲು ಹಾಕುವವನಿಗೆ ಎರಡು ಸಲ ಹೇಳಿದ್ದೇನೆ. ಎರಡನೆಯ ಸಲವೂ ಅವನು ಹೊಸದಾಗಿ ಕೇಳಿದವನಂತೆ ಹೌದೇನ್ರಿ ಎಂದ, ಒಳ್ಳೆಯ ಮನುಷ್ಯ. ಹೇಳಿ ಹೇಳಿ ಬಾಯಿ ಒಣಗಿತು, ಸಂತೋಷ ಮಾತ್ರ ಒಣಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆ. ದೊಡ್ಡ ಮಾತು ಬರುವುದಿಲ್ಲ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬಂದೂಕಿನ ಅಂಗಡಿ ಎಂದರೆ ಭಾರಿ ಏನಲ್ಲ. ಸರ್ಕಾರದ ಪರವಾನಗಿ ಇರುವ, ಹಳೆಯ ಬಂದೂಕು ದುರಸ್ತಿ ಮಾಡುವ ಒಂದು ಉದ್ದನೆಯ ಕೋಣೆ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರಿನ ಕಡೆ ಅಡವಿಯ ಅಂಚಿಗೆ ಹೊಲ ಇರುವ ಕೆಲವು ರೈತರಿಗೆ ಬೆಳೆ ಕಾಯಲು ಲೈಸೆನ್ಸಿನ ಬಂದೂಕು ಇರುತ್ತದೆ. ಗೋವಿನಜೋಳ ಹಾಲುಗಾಳಾಗುವ ಹೊತ್ತಿಗೆ ಕಾಡುಹಂದಿ ನುಗ್ಗುತ್ತವೆ. ಆಕಾಶಕ್ಕೆ ಒಂದು ಸಪ್ಪಳ ಮಾಡಿದರೆ ಓಡುತ್ತವೆ. ಚುನಾವಣೆ ಬಂತೆಂದರೆ ಆ ಬಂದೂಕುಗಳನ್ನೆಲ್ಲ ಠಾಣೆಗೆ ಜಮಾ ಮಾಡಬೇಕು. ಮಳೆಗಾಲದಲ್ಲಿ ವಾಪಸು ಪಡೆದು ನೋಡಿದರೆ ಕಟ್ಟಿಗೆ ತೇವ ಕುಡಿದು ಎಲ್ಲೋ ಉಬ್ಬಿರುತ್ತದೆ, ಎಲ್ಲೋ ಸೀಳಿರುತ್ತದೆ. ಬೇರೆಯವರಿಗೆ ಚುನಾವಣೆ ಮುಗಿದರೆ ಗದ್ದಲ ಮುಗಿಯಿತು, ನಮ್ಮ ಮನೆಗೆ ಸುಗ್ಗಿ ಶುರುವಾಯಿತು.

ನಮ್ಮ ಯಜಮಾನರು ಕಟ್ಟಿಗೆ ಕೆತ್ತಿ ಕೂರಿಸುತ್ತಿದ್ದರು. ಅದಕ್ಕೆ ಹೊಳಪು ಕೊಡುವುದು ನನ್ನ ಕೆಲಸ. ಬಂದೂಕು ಅಂಗಡಿಯ ಹೊಸ್ತಿಲು ದಾಟುವ ಹಾಗಿಲ್ಲ, ಬಿಚ್ಚಿದ ಕಟ್ಟಿಗೆ ಮಾತ್ರ ಚೀಲದಲ್ಲಿ ಮನೆಗೆ ಬರುತ್ತಿತ್ತು. ಹೆಗಲಿಗೆ ಆನಿಸುವ ಹಿಂದಿನ ಕಟ್ಟಿಗೆಗೆ ಕುಂದಾ ಅನ್ನುತ್ತಾರೆ. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಗಸಿ ಎಣ್ಣೆಯ ಹನಿ ಹಾಕಿ ಅಂಗೈ ಬಿಸಿಯಾಗುವ ತನಕ ತಿಕ್ಕಬೇಕು. ಒಂದು ದಿನ ತಿಕ್ಕಿ ನಾಲ್ಕು ದಿನ ಒಣಗಿಸಬೇಕು, ಮತ್ತೆ ತಿಕ್ಕಬೇಕು. ತಿಂಗಳಾಗುವ ಹೊತ್ತಿಗೆ ಕಟ್ಟಿಗೆಯ ಒಳಗಿನ ಗೆರೆಗಳು ಹೊಳೆಯ ನೀರಿನ ಹಾಗೆ ಮೇಲೆದ್ದು ಬರುತ್ತವೆ. ಎಷ್ಟು ಊರಿನ ಬಂದೂಕುಗಳ ಕುಂದಾ ನನ್ನ ತೊಡೆಯ ಮೇಲೆ ಮಲಗಿ ಹೋಗಿವೆಯೋ ಲೆಕ್ಕವಿಲ್ಲ. ಇಡೀ ಬಂದೂಕನ್ನು ಮಾತ್ರ ನಾನು ಹತ್ತಿರದಿಂದ ನೋಡಿಯೇ ಇರಲಿಲ್ಲ.

ಎರಡು ವರ್ಷದ ಹಿಂದೆ ಯಜಮಾನರ ಕೈ ನಡುಗಲು ಶುರುವಾಯಿತು. ಚಾದ ಕಪ್ಪು ಹಿಡಿದರೂ ಅರ್ಧ ಬಸಿಯಲ್ಲಿ ಇರುತ್ತಿತ್ತು. ಉಳಿ ಹಿಡಿಯುವುದನ್ನು ಅವರೇ ಬಿಟ್ಟರು. ಯಾರೂ ಬಿಡಿ ಎನ್ನಲಿಲ್ಲ. ಅಂಗಡಿಯ ಸಾಹೇಬರು ಒಂದಷ್ಟು ದಿನ ಕಾದರು, ಆಮೇಲೆ ಕಟ್ಟಿಗೆ ಕೆಲಸ ಹುಬ್ಬಳ್ಳಿಗೆ ಕಳಿಸತೊಡಗಿದರು. ಆಗ ನನ್ನ ಮಗನ ಮಗಳು, ಇಪ್ಪತ್ತೆರಡು ವರ್ಷದವಳು, ತಾನೇ ಹೋಗಿ ಸಾಹೇಬರನ್ನು ಕೇಳಿದಳು, ಆ ಜಾಗ ನನಗೆ ಕೊಡಿರಿ ಎಂದು. ನಡೆಯಲು ಕಲಿತಾಗಿನಿಂದ ಅಜ್ಜನ ಮುಂದೆ ಕಟ್ಟಿಗೆ ಹೊಟ್ಟಿನಲ್ಲಿ ಆಡಿದವಳು. ಪಿಯುಸಿ ಮುಗಿಸಿ ಮನೆಯಲ್ಲೇ ಕೂತು ಅಜ್ಜ ಹೇಳಿದಂತೆ ಕೆತ್ತುತ್ತಿದ್ದಳು. ಸಾಹೇಬರು ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಒಂದು ಕೆಲಸ ಕೊಡುತ್ತೇನೆ, ಅದು ಸರಿಯಾದರೆ ಮುಂದಿನ ಮಾತು ಎಂದರು.

ಆ ಒಂದು ಕೆಲಸ ತಿಳವಳ್ಳಿಯ ಗೌಡರೊಬ್ಬರ ಬಂದೂಕು.

ನಮ್ಮ ಕಡೆ ಹೆಚ್ಚಾಗಿ ಇರುವುದು ಒಂದು ನಳಿಗೆಯವು, ಇಲ್ಲವೇ ಜೋಡಿ ನಳಿಗೆಯವು. ಗೌಡರದು ಪಂಪ್ ಬಂದೂಕು, ಅವರ ಅಜ್ಜ ಕೊಂಡ ವಿಲಾಯತಿ ಮಾಲು. ಇಂಥದ್ದನ್ನು ಯಜಮಾನರು ತಮ್ಮ ಜನ್ಮದಲ್ಲಿ ಮೂರೇ ಮೂರು ಕಂಡಿದ್ದರು. ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇರುತ್ತದೆ, ಅದರ ಮೇಲೆ ಹಿಂದೆ ಮುಂದೆ ಸರಿಯುವ ಕಬ್ಬಿಣದ ತೋಳು, ಆ ತೋಳಿಗೆ ತೊಡಿಸಿದ ಒಂದು ಕಟ್ಟಿಗೆ ಹಿಡಿಕೆ. ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಬೀಳುತ್ತದೆ, ಮುಂದಕ್ಕೆ ದೂಡಿದರೆ ಹೊಸದು ಒಳಗೆ ಹೋಗುತ್ತದೆ. ಎಲ್ಲ ಆಟವೂ ಆ ಹಿಡಿಕೆಯದು. ಗೌಡರ ಬಂದೂಕಿನ ಹಿಡಿಕೆ ಸರಿಯುತ್ತಲೇ ಇರಲಿಲ್ಲ. ಮನೆಯಲ್ಲಿ ಯಾರೋ ಸಿಟ್ಟಿನಲ್ಲಿ ಕೊಡತಿಯಿಂದ ಬಡಿದು ಕಟ್ಟಿಗೆ ಉದ್ದಕ್ಕೆ ಸೀಳಿತ್ತು. ಸೀಳಿದ ಕಟ್ಟಿಗೆ ಉಬ್ಬಿ ಬಿಗಿ ಹಿಡಿದಿದೆ, ಹೊಸ ಹಿಡಿಕೆ ಮಾಡಿದರೆ ಸರಿದಾಡುತ್ತದೆ ಎಂದು ಸಾಹೇಬರು ಗೌಡರಿಗೆ ಮಾತು ಕೊಟ್ಟಿದ್ದರು.

ಮೊಮ್ಮಗಳು ಆ ಸೀಳಿದ ಹಿಡಿಕೆಯನ್ನು ಮನೆಗೆ ತಂದಳು. ದುಂಡನೆಯ ಹಿಡಿಕೆ, ಗೇಣಿಗಿಂತ ಚೂರು ಕಡಿಮೆ. ಅದರ ಸುತ್ತ ಹದಿನಾಲ್ಕು ಗೆರೆ, ಮುತ್ತೈದೆ ಕೈತುಂಬ ಬಳೆ ಇಟ್ಟ ಹಾಗೆ. ಹಿಡಿದವರ ಕೈ ಜಾರಬಾರದೆಂದು ಮಾಡಿದ್ದು. ಜಾರದಿರಲು ನಾಲ್ಕು ಕಚ್ಚು ಹಾಕಿದ್ದರೂ ನಡೆಯುತ್ತಿತ್ತಲ್ಲ. ಮಾಡಿದವನು ಹಾಗೆ ಬಿಟ್ಟಿರಲಿಲ್ಲ. ಒಂದು ಬಳೆಗೂ ಇನ್ನೊಂದಕ್ಕೂ ನಡುವೆ ಅದೇ ಅಂತರ, ಪ್ರತಿ ಬಳೆಯ ಬೆನ್ನು ಅದೇ ದುಂಡು. ಕಣ್ಣು ಮುಚ್ಚಿ ಬೆರಳಾಡಿಸಿದೆ, ಎಲ್ಲೂ ಬೆರಳು ಎಡವಲಿಲ್ಲ. ನಡುವಿನ ಐದಾರು ಬಳೆಗಳು ಸವೆದು ನುಣ್ಣಗಾಗಿದ್ದವು, ಗೌಡರ ಮನೆಯ ಮೂರು ತಲೆಮಾರಿನ ಎಡಗೈ ಅಲ್ಲಿ ಕೂತು ಹೋಗಿತ್ತು.

ಆ ವಾರ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅಂಗಡಿಯಲ್ಲಿ ಕಂಡದ್ದನ್ನು ಅವಳು ಬಂದು ಅಜ್ಜನಿಗೆ ವರದಿ ಒಪ್ಪಿಸುವಳು. ಕಬ್ಬಿಣದ ಬಣ್ಣ ಹಣ್ಣಾದ ನೇರಳೆಯ ಸಿಪ್ಪೆಯಂತೆ ಇದೆಯಂತೆ, ಬಳಿದ ಬಣ್ಣವಲ್ಲ, ಕಬ್ಬಿಣಕ್ಕೇ ಹತ್ತಿಸಿದ್ದು. ಎಲ್ಲ ತಿರುಪು ಮೊಳೆಗಳ ತಲೆಯ ಗೀರು ನಳಿಗೆಯ ಉದ್ದಕ್ಕೆ ಒಂದೇ ದಿಕ್ಕಿಗೆ ನಿಂತಿವೆಯಂತೆ, ಒಂದೂ ಅಡ್ಡ ಇಲ್ಲ. ಕುಂದಾ ಕಬ್ಬಿಣಕ್ಕೆ ಸೇರುವ ಕಡೆ ತಲೆಗೂದಲು ಕೂಡ ತೂರುವುದಿಲ್ಲವಂತೆ. ಬಿಚ್ಚಿದರೆ ಮಾತ್ರ ಕಾಣುವ ಒಳಮೈಗೂ ಹೊರಮೈಯಷ್ಟೇ ಕಾನಸು, ಅಂದರೆ ಅರ, ಹಿಡಿದು ನುಣುಪು ಮಾಡಿದ್ದಾರಂತೆ. ಇದನ್ನು ಕೇಳಿ ಯಜಮಾನರು ನೆಟ್ಟಗೆ ಎದ್ದು ಕೂತರು. ಆಮೇಲೆ ಹೇಳಿದರು: “ಒಳಗ ಯಾರ ನೋಡ್ತಾರು ಅನ್ನಾಂವ ಬಡಿಗ್ಯಾನ ಅಲ್ಲ ಮಗಳ. ಇದನ್ನ ಮಾಡಿದಾಂವ ಯಾರರ ಇರಲಿ, ನಮ್ಮ ಪೈಕಿನ.”

ನನಗೂ ಒಂದು ವಿಚಾರ ಬಂತು, ಬರೆದುಬಿಡುತ್ತೇನೆ. ಜೀವ ತೆಗೆಯುವ ವಸ್ತು ಇಷ್ಟು ಚಂದ ಯಾಕಿರಬೇಕು ಎಂದು. ವರ್ಷಗಟ್ಟಲೆ ಕುಂದಾ ತಿಕ್ಕುವಾಗ ಈ ಪ್ರಶ್ನೆ ಆಗಾಗ ಬಂದು ಕೂರುತ್ತಿತ್ತು. ಕೈ ಮಾತ್ರ ಯಾವತ್ತೂ ಕಡಿಮೆ ತಿಕ್ಕಲಿಲ್ಲ.

ಅಂಗಡಿಯ ಅಟ್ಟದ ಮೇಲೆ ಮುರಿದ ಹಳೆಯ ಕುಂದಾ ಒಂದು ಇತ್ತು, ಅಕ್ರೋಟ ಮರದ್ದು. ಅದರಿಂದ ಹೊಸ ಹಿಡಿಕೆ ತೆಗೆಯುವುದೆಂದು ಅಜ್ಜ ಮೊಮ್ಮಗಳು ನಿಶ್ಚಯ ಮಾಡಿದರು. ಹಳೆಯ ಹಿಡಿಕೆಗೆ ಕಾಗದ ಸುತ್ತಿ ಮೇಲೆ ಪೆನ್ಸಿಲ್ ಉಜ್ಜಿ ಬಳೆಗಳ ಅಂತರ ಇಳಿಸಿಕೊಂಡಳು. ಆ ಕಾಗದವನ್ನು ಹೊಸ ಕಟ್ಟಿಗೆಗೆ ಅಂಟಿಸಿ ಸಣ್ಣ ಕಾನಸಿನಿಂದ ಒಂದೊಂದೇ ಗೆರೆ ಇಳಿಸಿದಳು. ಒಂಬತ್ತನೆಯದು ಚೂರು ಸೊಟ್ಟಾಯಿತು. ನನಗೆ ಕಾಣಲಿಲ್ಲ, ಅವಳಿಗೆ ಕಂಡಿತು. ಇಡೀ ಕಟ್ಟಿಗೆ ಬದಿಗಿಟ್ಟು ಇನ್ನೊಂದು ತುಂಡಿಗೆ ಕೈ ಹಾಕಿದಳು. ಅಟ್ಟದ ಕುಂದಾದಲ್ಲಿ ಉಳಿದಿದ್ದದ್ದು ಅದೊಂದೇ ತುಂಡು.

ಕಟ್ಟಿಗೆಯನ್ನು ಕಬ್ಬಿಣಕ್ಕೆ ಕೂರಿಸಲು ನಮ್ಮ ಮನೆಯದೊಂದು ಪದ್ಧತಿ ಇದೆ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕಬ್ಬಿಣಕ್ಕೆ ತೆಳ್ಳಗೆ ಹಚ್ಚಿ, ಕಟ್ಟಿಗೆಯನ್ನು ಒತ್ತಿ ತೆಗೆಯಬೇಕು. ಎಲ್ಲಿ ಕರಿ ಹತ್ತುತ್ತದೋ ಅಲ್ಲಿ ಕಟ್ಟಿಗೆ ತಾಗುತ್ತಿದೆ ಎಂದರ್ಥ. ಅಷ್ಟನ್ನೇ ಕೆರೆಯಬೇಕು. ಹೀಗೆ ಇಪ್ಪತ್ತು ಸಲ, ಮೂವತ್ತು ಸಲ. ಅಂಗಡಿಯಲ್ಲಿ ಕೂರಿಸುವಾಗ ಮೊಮ್ಮಗಳು ದೀಪದ ಮಸಿ ಬಿಟ್ಟು ತನ್ನ ಕಣ್ಣಿಗೆ ಹಚ್ಚುವ ಕಾಡಿಗೆ ಕಡ್ಡಿಯನ್ನೇ ಉಪಯೋಗಿಸಿದಳು. ಅದು ತೆಳ್ಳಗೆ ಹತ್ತುತ್ತದೆ, ಒರೆಸಿದರೆ ಹೋಗುತ್ತದೆ. ಕಟ್ಟಿಗೆ ಮನೆಗೆ ತಂದಾಗ ಅಜ್ಜ ಮೊದಲು ಬೈದರು, ಆಮೇಲೆ ಕರಿಯ ಗುರುತು ನೋಡಿ ಬೈಗುಳ ನುಂಗಿಕೊಂಡರು.

ಬುಧವಾರ ಹಿಡಿಕೆ ಕೂತಿತು. ಕೂತದ್ದೇನೋ ಕೂತಿತು, ಸರಿಯಲಿಲ್ಲ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹಳೆಯ ಕಟ್ಟಿಗೆ ಹೇಗೆ ಹಟ ಹಿಡಿದಿತ್ತೋ ಹೊಸದೂ ಹಾಗೆಯೇ. ಕಟ್ಟಿಗೆ ಬಿಗಿಯಾಗಿದೆ, ಒಳಗೆ ಇನ್ನಷ್ಟು ಕೆತ್ತು ಎಂದರು ಸಾಹೇಬರು. ಅವಳು ಕಾಡಿಗೆಯ ಗುರುತು ತೋರಿಸಿದಳು, ನಳಿಗೆಗಾಗಲಿ ಕೊಳವೆಗಾಗಲಿ ಕಟ್ಟಿಗೆ ತಾಗುತ್ತಿಲ್ಲ ಎಂದು. ಸಾಹೇಬರಿಗೆ ಅದು ಎದುರುತ್ತರವಾಗಿ ಕೇಳಿಸಿತು. ಮಾತು ಹೀಗೆ ನಡೆಯಿತೆಂದು ಅವಳೇ ಹೇಳಿದಳು.

“ಬೇಟಿ, ನಾ ಈ ಅಂಗಡ್ಯಾಗ ಹುಟ್ಟಿದಾಂವ. ಕೆತ್ತು ಅಂದ್ರ ಕೆತ್ತು.”

“ಕೆತ್ತಿದ್ರ ಕಟಗಿ ಸಡ್ಲ ಆಗ್ತೈತ್ರಿ ಸಾಹೇಬ್ರ. ಆಮ್ಯಾಲ ಅದನ್ನ ದೇವ್ರೂ ಬಿಗಿ ಮಾಡಾಕ ಬರಂಗಿಲ್ಲ. ತಪ್ಪು ಕಟಗ್ಯಾಗ ಇಲ್ರಿ.”

“ಹಂಗಾರ ಕಬ್ಬಿಣದಾಗ ಐತೇನು? ನಾನೇ ಎಣ್ಣಿ ಬಿಟ್ಟು ನೋಡೇನಿ.”

“ನಾ ಕೆತ್ತಂಗಿಲ್ರಿ.”

ಸಾಹೇಬರು ಕೂಗಾಡುವವರಲ್ಲ. ಶುಕ್ರವಾರ ಗೌಡರು ಬರುತ್ತಾರೆ, ಅಷ್ಟರಲ್ಲಿ ಸರಿಯದಿದ್ದರೆ ಹುಬ್ಬಳ್ಳಿಯವರಿಗೇ ಕೊಡುತ್ತೇನೆ ಎಂದಷ್ಟೇ ಹೇಳಿ ಚಾ ತರಿಸಿದರಂತೆ. ಮನೆಗೆ ಬಂದವಳು ಚೀಲವನ್ನು ಮೂಲೆಗಿಟ್ಟು ಗೋಡೆಗೆ ಒರಗಿದಳು. ಕೆತ್ತಿದರೆ ಕೆಲಸ ಕೆಡುತ್ತದೆ, ಕೆತ್ತದಿದ್ದರೆ ಜಾಗ ಹೋಗುತ್ತದೆ. ಯಜಮಾನರು ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತರು. ಅವರ ಕೈ ನೆಟ್ಟಗಿದ್ದರೆ ತಾವೇ ಹೋಗಿ ನೋಡುತ್ತಿದ್ದರು, ಅದೇ ಸಂಕಟ.

ನಾನು ಏನು ಮಾಡಲಿ. ಸುಮ್ಮನೆ ಕೂರಲಾಗದೆ ಅವಳ ಚೀಲದಿಂದ ಆ ಹಳೆಯ ಸೀಳಿದ ಹಿಡಿಕೆ ತೆಗೆದೆ. ಇಷ್ಟು ದಿನ ಹೊರಗಿನ ಬಳೆ ನೋಡಿ ಮೆಚ್ಚಿದ್ದೆ, ಒಳಮೈಗೆ ಬೆರಳು ಹಾಕಿರಲಿಲ್ಲ. ಹಾಕಿದೆ. ಜೇನಿನ ಬಣ್ಣದ ಹೆಕ್ಕಳಿಕೆ, ಗಾಜಿನಂತೆ ಗಟ್ಟಿ. ಉಗುರಿನಿಂದ ಕೆರೆದು ಮೂಸಿದೆ. ಎಣ್ಣೆಯ ಗಿಂಡಿಯ ಕೊರಳಿಗೆ ಹತ್ತಿದ ಜಿಡ್ಡು ವರ್ಷಗಟ್ಟಲೆ ಹಾಗೇ ಬಿಟ್ಟರೆ ಬರುವ ವಾಸನೆ. ಕುಸುಬಿ ಎಣ್ಣೆ. ಅದರ ಪದರಿನ ನಡುನಡುವೆ ಸಣ್ಣಗೆ ಕೆಂಪು, ಸಣ್ಣಗೆ ಬೂದಿ.

ಕುಂಕುಮ, ವಿಭೂತಿ.

ನಾನು ಜೀವನವೆಲ್ಲ ಎಣ್ಣೆ ಒಣಗಿಸಿದವಳು. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಅಗಸಿ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ, ಅದಕ್ಕೇ ಅದನ್ನು ಕಟ್ಟಿಗೆಗೆ ಹಚ್ಚುವುದು. ಕುಸುಬಿಯೂ ಅಗಸಿಯ ತಂಗಿಯೇ. ಇವರು ಖಂಡೇಪೂಜೆಯಲ್ಲಿ ಬಂದೂಕಿಗೆ ಎಣ್ಣೆ ಏರಿಸಿದ್ದಾರೆ ಎಂದೆ. ಮೊಮ್ಮಗಳು ತಲೆ ಎತ್ತಿದಳು. ದಸರೆಯಲ್ಲಿ ನಾವೂ ಉಳಿ, ಬಾಚಿ ಪೂಜೆ ಮಾಡುತ್ತೇವೆ, ಎಣ್ಣೆ ಹಚ್ಚುತ್ತೇವೆ. ಮರುದಿನ ಬೆಳಗ್ಗೆ ಒರೆಸಿಬಿಡುತ್ತೇವೆ. ಅವಳು ಅಲ್ಲಿಂದಲೇ ಗೌಡರಿಗೆ ಫೋನು ಹಚ್ಚಿ ಕೇಳಿದಳು. ಗೌಡರ ದನಿ ಹೆಮ್ಮೆಯಿಂದ ಆಚೆ ಗೋಡೆಯವರೆಗೆ ಕೇಳಿಸಿತು.

“ನಮ್ಮ ಮನ್ಯಾಗ ಪದ್ಧತಿ ತಪ್ಪಿಲ್ಲ ನೋಡವಾ. ಮನೀ ಕುಸುಬಿ, ಗಾಣದ ಎಣ್ಣಿ, ಮುತ್ಯಾನ ಕಾಲದಿಂದ ಒಂದ್ ವರ್ಷಾನೂ ಬಿಟ್ಟಿಲ್ಲ. ದೇವ್ರಿಗೆ ಏರ್ಸಿದ್ದು ಒರಸೂ ಹಂಗಿಲ್ಲ, ಹಂಗ ತೂಗಹಾಕ್ತೇವಿ.”

ವರ್ಷಕ್ಕೊಂದು ಪದರು, ಮೂರು ತಲೆಮಾರು. ಸಾಹೇಬರು ಮೇಲೆ ಬಿಟ್ಟ ಹೊಸ ಎಣ್ಣೆ ಆ ಗಾಜಿನ ಮೇಲೆ ಹರಿದು ಹೋಗಿತ್ತೇ ಹೊರತು ಒಳಗಿಳಿದಿರಲಿಲ್ಲ. ಕಟ್ಟಿಗೆಯ ಒಳಗಿನ ಕಬ್ಬಿಣದ ತೋಳು ಕೊಳವೆಗೆ ಅಂಟಿ ಒಂದೇ ಆಗಿತ್ತು. ಯಜಮಾನರು ಬಹಳ ದಿನದ ಮೇಲೆ ಹಲ್ಲು ಕಾಣುವಂತೆ ನಕ್ಕರು.

ಗುರುವಾರ ಬೆಳಗ್ಗೆ ಅವಳು ಸಾಹೇಬರಿಗೆ ಹಳೆಯ ಹಿಡಿಕೆಯ ಒಳಮೈ ಮೂಸಿಸಿದಳು. ಅವರು ಮೂಸಿ, ಕಣ್ಣು ಸಣ್ಣ ಮಾಡಿ, ಚಿಮಣಿ ಎಣ್ಣೆಯ ಡಬ್ಬಿ ತಂದರಂತೆ. ಹಿಡಿಕೆಯ ಕಟ್ಟಿಗೆ ಬಿಚ್ಚಿಟ್ಟು, ಕಬ್ಬಿಣದ ಭಾಗವನ್ನು ಒಂದು ಹಗಲು ಒಂದು ರಾತ್ರಿ ನೆನೆಹಾಕಿದರು.

ಶುಕ್ರವಾರ ನಾನೂ ಹೋದೆ. ಯಾರೂ ಕರೆಯಲಿಲ್ಲ, ನಾನೇ ಹೊಸ ಸೀರೆ ಉಟ್ಟು ಯಜಮಾನರ ಕೈ ಹಿಡಿದುಕೊಂಡು ಹೊರಟೆ. ನಲವತ್ತು ವರ್ಷ ಅಂಗಡಿಯ ಕೆಲಸ ಮಾಡಿದವಳು ಅವತ್ತು ಮೊದಲ ಸಲ ಅದರ ಒಳಗೆ ಕಾಲಿಟ್ಟೆ. ಸಾಹೇಬರು ಕುರ್ಚಿ ಎಳೆದು, ಬರ್ರಿ ಭಾಬೀ, ಕುಂತ್ಕೊಳ್ರಿ ಎಂದರು. ಮೇಜಿನ ಮೇಲೆ ಆ ಬಂದೂಕು ಮಲಗಿತ್ತು. ಮೊಮ್ಮಗಳು ಹೇಳಿದ್ದೆಲ್ಲ ಖರೆ. ನೇರಳೆ ಸಿಪ್ಪೆಯ ಕಪ್ಪು, ಒಂದೇ ದಿಕ್ಕಿಗೆ ನಿಂತ ತಿರುಪುಗಳು. ಕುಂದಾ ಕಬ್ಬಿಣಕ್ಕೆ ಸೇರುವ ಕಡೆ ಕಟ್ಟಿಗೆಯ ಗೆರೆಗಳು ಕುಂದಾ ಬಾಗಿದ ಕಡೆಗೇ ಬಾಗಿ ಹರಿದಿದ್ದವು. ಆ ಬಾಗಿಗೆ ಹೊಂದುವ ಮರದ ತುಂಡನ್ನು ಯಾರೋ ಹುಡುಕಿ ಹುಡುಕಿ ಆರಿಸಿದ್ದಾರೆ. ಅದು ನನಗೆ ತಿಳಿಯುವ ಭಾಷೆ. ಪಕ್ಕದಲ್ಲಿ ಕೆತ್ತಿದ ಇಂಗ್ಲಿಷ್ ಅಕ್ಷರ ತಿಳಿಯಲಿಲ್ಲ.

ಅಷ್ಟರಲ್ಲಿ ಗೌಡರೂ ಬಂದರು. ಎತ್ತರದ ಆಳು, ನೆತ್ತಿಯ ಮೇಲೆ ಟೊಪ್ಪಿಗೆ. ಸಾಹೇಬರು ಕೊಳವೆ ಖಾಲಿ ಇದೆಯೆಂದು ಮತ್ತೊಮ್ಮೆ ನೋಡಿ, ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ ಸಂದಿಯಲ್ಲಿ ಆಡಿಸತೊಡಗಿದರು. ಬಟ್ಟೆ ಕೆಂಪಾಗಿ ಬಂತು. ಇನ್ನೊಂದು ಬಟ್ಟೆ, ಮತ್ತೆ ಕೆಂಪು. ಎಂಟು ಬಟ್ಟೆ ಕೆಂಪಾದವು. ಗೌಡರು ಮೊದಲು ಬಂದೂಕಿಗೆ ರಕ್ತ ಬಂತೇನೋ ಎಂಬಂತೆ ನೋಡಿದರು, ಆಮೇಲೆ ಅದು ತಮ್ಮದೇ ಕುಂಕುಮ ಎಂದು ತಿಳಿಯಿತು.

“ದೇವ್ರಿಗೆ ಎಣ್ಣಿ ಏರ್ಸಿದ್ದು ತಪ್ಪಾತೇನ್ರಿ ಸಾಹೇಬ್ರ?” ಎಂದರು ಸಣ್ಣ ದನಿಯಲ್ಲಿ.

“ದೇವ್ರಿಗೆ ಏರ್ಸ್ರಿ ಗೌಡ್ರ, ಯಾರ ಬ್ಯಾಡ ಅಂತಾರು. ಮರುದಿನ ಒರಸೂದಕ್ಕೂ ಒಂದ್ ಪೂಜಿ ಇಟ್ಕೊರ್ರಿ.”

ಕಬ್ಬಿಣದ ತೋಳು ಸಡಿಲಾಯಿತು. ಮೊಮ್ಮಗಳು ತನ್ನ ಹಿಡಿಕೆಯನ್ನು ಅದರ ಮೇಲೆ ಏರಿಸಿ, ಮುಂದಿನ ಕಬ್ಬಿಣದ ಬಳೆಯ ತಿರುಪು ಬಿಗಿ ಮಾಡಿದಳು. ನಾನು ಯಜಮಾನರ ಕೈ ಹಿಡಿದಿದ್ದೆ. ಅವಳು ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ ಹಿಡಿಕೆಯನ್ನು ಹಿಂದಕ್ಕೆ ಎಳೆದಳು.

ಸರಿಯಿತು. ಎಂಥ ಸಪ್ಪಳ ಅದು. ಹಳೆಯ ಸಾಗವಾನಿ ಪೆಟ್ಟಿಗೆಯ ಖಾನೆ ಎಳೆದಾಗ ಒಳಗಿನ ಗಾಳಿ ಹೊರಬರುವುದಿಲ್ಲವೇ, ಅಷ್ಟು ಮೆತ್ತಗೆ ಶುರುವಾಗಿ, ಕೊನೆಗೆ ಬೀಗ ಬಿದ್ದಂತೆ ಗಟ್ಟಿಯಾಗಿ ನಿಂತಿತು. ಮುಂದಕ್ಕೆ ದೂಡಿದಳು, ಮತ್ತೆ ಅದೇ. ಎಲ್ಲಿಯೂ ಕುಲುಕಲಿಲ್ಲ, ಎಲ್ಲಿಯೂ ಹಿಡಿಯಲಿಲ್ಲ. ಅವಳು ಬುಧವಾರ ಹೆದರಿ ಕೆತ್ತಿದ್ದರೆ ಈಗ ಕಟ್ಟಿಗೆ ಗಿಲಕಿಯಂತೆ ಅಲುಗುತ್ತಿತ್ತು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು, ಎಲ್ಲರಿಗಿಂತ ಮೊದಲು ಸಾಹೇಬರಿಗೆ.

ಸಾಹೇಬರು ಬಂದೂಕು ತೆಗೆದುಕೊಂಡು ತಾವೊಮ್ಮೆ ಎಳೆದು ದೂಡಿದರು. ಹಿಡಿಕೆಯ ಬಳೆಗಳ ಮೇಲೆ ಹೆಬ್ಬೆರಳು ಆಡಿಸಿದರು. ಕನ್ನಡಕ ತೆಗೆದು ಒರೆಸಿದರು. ಬಂದೂಕನ್ನು ಮೇಜಿನ ಮೇಲಿಟ್ಟು, ಕನ್ನಡಕ ಏರಿಸಿಕೊಂಡು ಹೇಳಿದರು: “ಬೇಟಿ, ಆಧಾರ ಕಾರ್ಡು, ಎರಡು ಫೋಟೋ ತಗೊಂಡ್ ಬಾ. ಕೆಲಸದವರ ಹೆಸರು ಬರ್ದು ಮ್ಯಾಲಿನ ಆಫೀಸಿಗೆ ಕಳಿಸ್ಬೇಕು.”

ಅಷ್ಟೇ. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಯಜಮಾನರಿಗೆ ಆಯಿತು, ಅವರು ಆ ಮಾತನ್ನು ನಲವತ್ತೆರಡು ವರ್ಷದ ಹಿಂದೆ ಅದೇ ಕೋಣೆಯಲ್ಲಿ ಕೇಳಿದವರು, ಆಗ ಆಧಾರ ಕಾರ್ಡು ಇರಲಿಲ್ಲ, ರೇಷನ್ ಕಾರ್ಡು. ಅವರು ಗೋಡೆಯ ಕಡೆ ಮುಖ ತಿರುಗಿಸಿ ಟವೆಲ್ಲಿನಿಂದ ಮೂಗು ಒರೆಸಿಕೊಂಡರು. ಗೌಡರು ಕಿಸೆಯಿಂದ ಫೋನು ತೆಗೆದು ಹಿಡಿಕೆಯ ಫೋಟೋ ಹೊಡೆದುಕೊಂಡರು, ಮನೆಯವರಿಗೆ ತೋರಿಸಬೇಕಂತೆ.

ಹಾದಿಯಲ್ಲಿ ಫೋಟೋ ಸ್ಟುಡಿಯೋಕ್ಕೆ ಹೋದೆವು. ನಗಬೇಡ, ಸುಮ್ಮನಿರು ಎಂದು ಸ್ಟುಡಿಯೋದವನು ನಾಲ್ಕು ಸಲ ಹೇಳಿದ. ಅವಳಿಗೆ ಆಗಲಿಲ್ಲ. ಕೊನೆಗೆ ನಗುವಿದ್ದದ್ದನ್ನೇ ತೆಗೆದುಕೊಟ್ಟ.

ಮಗ ಮಾಲಿನ ಆಟೋ ಹೊಡೆಯುತ್ತಾನೆ, ಹಾನಗಲ್ಲಿನಿಂದ ಯಲವಿಗಿ ಸ್ಟೇಷನ್ನಿನ ತನಕ ಅವನ ಓಡಾಟ. ಸಾಮಾನ್ಯವಾಗಿ ಅವನ ಊಟ ಒಂದು ಹೊತ್ತು, ನಮ್ಮದು ಒಂದು ಹೊತ್ತು. ಸೊಸೆ ಎಲ್ಲರಿಗೂ ಬಡಿಸಿ ಕೊನೆಗೆ ಒಲೆಯ ಮುಂದೆ ಒಬ್ಬಳೇ ತಿನ್ನುತ್ತಾಳೆ. ಅವತ್ತು ಸುದ್ದಿ ಕೇಳಿ ಮಗ ಹೊತ್ತು ಮುಳುಗುವ ಮೊದಲೇ ಮನೆಗೆ ಬಂದ. ಸೊಸೆ ಗೋಧಿ ಹುಗ್ಗಿಗೆ ಇಟ್ಟಿದ್ದಳು, ಎಣ್ಣೆಗಾಯಿ ಬದನೆ ಆಗಿತ್ತು, ರೊಟ್ಟಿಯ ಬುಟ್ಟಿ ತುಂಬಿತ್ತು. ನಾನು ಎಲ್ಲ ಪಾತ್ರೆಯನ್ನೂ ತಂದು ಪಡಸಾಲೆಯ ನಡುವೆ ಇಟ್ಟು, ಸೊಸೆಯ ಕೈ ಹಿಡಿದು ಕೂರಿಸಿದೆ. ಯಾರಿಗೆ ಬೇಕೋ ಅವರು ಕೈಚಾಚಿ ಹಾಕಿಕೊಳ್ಳಿ ಎಂದೆ.

ಐದೂ ಮಂದಿ ಪಾತ್ರೆಗಳ ಸುತ್ತ ಕೂತೆವು. ಉಣ್ಣುತ್ತ ಉಣ್ಣುತ್ತ ಯಜಮಾನರು ಮೊಮ್ಮಗಳನ್ನು ಕೇಳಿದರು, ಆ ಒಳಗಿನ ಕೊನೆಯ ತಿರುವನ್ನು ಯಾವ ಉಳಿಯಿಂದ ತೆಗೆದೆ ಎಂದು. ಪರೀಕ್ಷೆ ಮಾಡುವ ದನಿಯಲ್ಲ, ತಿಳಿಯದವರು ತಿಳಿದವರನ್ನು ಕೇಳುವ ದನಿ. ಅವಳು ರೊಟ್ಟಿಯ ತುಣುಕು ಬಗ್ಗಿಸಿ ಹೀಗೆ ಎಂದು ತೋರಿಸಿದಳು. ಅವರು ಹೂಂ ಹೂಂ ಎನ್ನುತ್ತ ಕೇಳಿದರು. ಮಗ ನಡುವೆ ಬಾಯಿ ಹಾಕಿ, ಮೊದಲು ಉಣ್ಣಲಿಕ್ಕೆ ಬಿಡಪ್ಪ ಅವಳಿಗೆ ಎಂದ. ಸೊಸೆ ಮಗಳ ತಾಟಿಗೆ ತುಪ್ಪ ಸುರಿದಳು, ಸಾಕು ಎಂದರೂ ಸುರಿದಳು. ನಾನು ಎರಡನೆಯ ಸಲ ಹುಗ್ಗಿ ಹಾಕಿಕೊಂಡೆ, ಆಮೇಲೆ ಮೂರನೆಯ ಸಲ.